ಟ್ರಂಕಿನಲ್ಲಿದ್ದ ಸಾಕ್ಷಿ

ಕುಕ್ಕರ್ ಮೂರು ಸೀಟಿ ಹಾಕಿದ ಮೇಲೆ ಗ್ಯಾಸ್ ಆರಿಸಿ ಅಂತ ನಮ್ಮ ಯಜಮಾನರಿಗೆ ಹೇಳಿ ನಾನು ಹಿತ್ತಲಿಗೆ ಹೋದೆನೆಂದರೆ, ಅಂದು ನಮ್ಮ ಮನೆಯಲ್ಲಿ ಬೇಳೆ ಸೀದಿತೆಂದೇ ಲೆಕ್ಕ. ಒಲೆಯಿಂದ ಎರಡು ಮಾರು ದೂರದಲ್ಲಿ ಕುಳಿತು ಪೇಪರು ಓದುತ್ತಿರುತ್ತಾರೆ. ಸೀಟಿ ಹತ್ತಾದರೂ ತಲೆ ಎತ್ತುವುದಿಲ್ಲ. ಮೊದಲೆಲ್ಲಾ ನಾನು ಓಡಿ ಬಂದು, "ಏನ್ರೀ, ಓಣಿ ಮಂದಿಗೆಲ್ಲಾ ಕೇಳಿಸ್ತು, ನಿಮಗ ಕೇಳಲಿಲ್ಲೇನು?" ಅಂತ ಜಗಳ ತೆಗೆಯುತ್ತಿದ್ದೆ. ಈಗ ತೆಗೆಯುವುದಿಲ್ಲ. ಆ ಜಗಳ ಹೇಗೆ ನಿಂತಿತು ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಕಾಯಿದೆ ಕಾನೂನು ಬಲ್ಲವಳಲ್ಲ. ಆದರೂ ಸೈನಿಕರ ಮನೆಯ ಸೋದರಿಯರಿಗೆ ನನ್ನ ಅನುಭವದಿಂದ ಒಂದಿಷ್ಟು ಉಪಯೋಗವಾದೀತೆಂಬ ಆಸೆ.

ನಮ್ಮದು ಬೈಲಹೊಂಗಲ ಸೀಮೆಯ ಒಂದು ಹಳ್ಳಿ. ಓಣಿಗೊಬ್ಬರು ಇಬ್ಬರು ಮಿಲಿಟರಿಯವರು ಇದ್ದೇ ಇರುವ ಊರು. ನಮ್ಮವರು 1993ರಲ್ಲಿ ಆರ್ಟಿಲರಿಗೆ, ಅಂದರೆ ತೋಪಖಾನೆಗೆ ಸೇರಿದರು. ಭರ್ತಿಯ ದಿನ ಡಾಕ್ಟರು ಇಪ್ಪತ್ತಡಿ ದೂರ ನಿಂತು, ಬೆನ್ನು ತಿರುಗಿಸಿ ನಿಲ್ಲಿಸಿ ಪಿಸುಗುಟ್ಟಿದ್ದನ್ನು ಇವರು ಒಂದೂ ತಪ್ಪದೆ ಹೇಳಿದ್ದರಂತೆ. 1998ರಲ್ಲಿ ನಮ್ಮ ಮದುವೆ. ಮರುವರ್ಷವೇ ಕಾರ್ಗಿಲ್.

ಆ ದಿನಗಳನ್ನು ಹೇಗೆ ಮರೆಯಲಿ! ಇಪ್ಪತ್ತರ ಹುಡುಗಿ ನಾನು. ಸಂಜೆಯಾದರೆ ಅತ್ತೆ ದೇವರ ಮುಂದೆ, ನಾನು ರೇಡಿಯೋ ಮುಂದೆ. 1999ರ ಮೇ ತಿಂಗಳಿಂದ ಜುಲೈವರೆಗೆ ನಡೆದ ಆ ಯುದ್ಧದಲ್ಲಿ ನಮ್ಮ ತೋಪುಗಳು ಎರಡೂವರೆ ಲಕ್ಷಕ್ಕೂ ಮೀರಿ ಶೆಲ್ಲು, ಬಾಂಬು, ರಾಕೆಟ್ಟುಗಳನ್ನು ಹಾರಿಸಿದವೆಂದು ಆಮೇಲೆ ಓದಿದೆ. ತೋಲೋಲಿಂಗ್, ಟೈಗರ್ ಹಿಲ್ ಅಂತ ಊರವರ ಬಾಯಲ್ಲಿ ಹೆಸರು ಬರುತ್ತಿದ್ದವು. ಇವರು ಇದ್ದದ್ದು ಬೋಫೋರ್ಸ್ ತೋಪಿನ ಮೇಲೆ. ಒಂದೊಂದು ಶೆಲ್ಲು ನಲವತ್ತು ಕಿಲೋ ಮೇಲೆ. ಹಗಲೂ ರಾತ್ರಿ ಅದನ್ನು ಹೊತ್ತು ತುಂಬಿದವರು, ಅದರ ಪಕ್ಕದಲ್ಲೇ ನಿಂತವರು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಹೇಬರ ಹುಕುಂ ಕೇಳುವುದಿಲ್ಲ. ತೆಗೆದರೆ ತೋಪಿನ ಸಿಡಿತ. ಹುಕುಂ ಕೇಳುವುದೇ ಮುಖ್ಯ ಅಂತ ಹತ್ತಿ ತೆಗೆದರು.

ಕ್ಷೇಮವಾಗಿ ಬಂದರಲ್ಲಾ, ನಮಗೆ ಅಷ್ಟೇ ಸಾಕಾಗಿತ್ತು. ರಜೆಗೆ ಬಂದಾಗ ರಾತ್ರಿ ಮಲಗಿದರೆ, "ಎಲ್ಲ್ಯೋ ಗುಂಗಾಡ ಗುಂಯ್ ಅನ್ನಾಕ ಹತ್ಯಾವ" ಅನ್ನುತ್ತಿದ್ದರು. ನಾನು ಎದ್ದು ಸೊಳ್ಳೆ ಹುಡುಕುತ್ತಿದ್ದೆ. ಸೊಳ್ಳೆ ಇದ್ದದ್ದು ಅವರ ಕಿವಿಯೊಳಗೆ ಎಂದು ನನಗಾದರೂ ಹೇಗೆ ಗೊತ್ತಾಗಬೇಕು?

ವರ್ಷಗಳು ಕಳೆದವು. ಮಗಳು ಹುಟ್ಟಿದಳು, ಮಗ ಹುಟ್ಟಿದ. ಎರಡು ಕಡೆ ಫ್ಯಾಮಿಲಿ ಕ್ವಾರ್ಟರ್ಸಿನಲ್ಲಿ ಜೊತೆಯಲ್ಲಿದ್ದೆವು. ಕರೆದರೆ ಓ ಅನ್ನುವುದಿಲ್ಲ, ಮಗು ಅತ್ತರೆ ಏಳುವುದಿಲ್ಲ. ಟೀವಿ ಮಾತ್ರ ಊರಿಗೆಲ್ಲ ಕೇಳುವಷ್ಟು ಜೋರು! ಅದೇ ಗೆಳೆಯರ ಜೊತೆ ಕಟ್ಟೆಯ ಮೇಲೆ ಕುಳಿತರೆ ಮಾತು ಸರಾಗ. ನನಗೆ ಉರಿದುಹೋಗುತ್ತಿತ್ತು. "ಗಂಡಸರ ಮಾತು ಚಂದಂಗಿ ಕೇಳ್ತಾವು, ಹೆಂಡ್ತಿ ಕರದ್ರ ಅಷ್ಟs ಕಿವುಡು!" ಅಂತ ಎಷ್ಟು ಸಲ ಅಂದಿದ್ದೇನೋ! ಅವರು ನಕ್ಕು ಸುಮ್ಮನಾಗುತ್ತಿದ್ದರು. ಆ ನಗೆ ನನ್ನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯುತ್ತಿತ್ತು.

2017ರಲ್ಲಿ ಹವಾಲ್ದಾರರಾಗಿ 24 ವರ್ಷದ ಸೇವೆ ಮುಗಿಸಿ ಮನೆಗೆ ಬಂದರು. ಬಿಡುಗಡೆಗೆ ಮೊದಲು ಒಂದು ವೈದ್ಯಕೀಯ ಮಂಡಳಿ ದೇಹ ತಪಾಸಣೆ ಮಾಡುತ್ತದೆ. ಎರಡೂ ಕಿವಿಯ ನರದೋಷ, ಶೇಕಡಾ 20 ವೈಕಲ್ಯ, ಜೀವನಪರ್ಯಂತ ಎಂದು ಆ ಮಂಡಳಿ ಬರೆಯಿತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಕೆಲವು ತಿಂಗಳ ನಂತರ ಮನೆಗೆ ಬಂದ ಪತ್ರದಲ್ಲೂ ಅದೇ ಸಾಲು. ಇಂಗ್ಲಿಷಿನದು. ಮಗಳು ಆಗ ಪಿ.ಯು.ಸಿ. ಓದುತ್ತಿದ್ದಳು. ಡಿಕ್ಷನರಿ ತೆಗೆದು ಬಿಡಿಸಿ ಹೇಳಿದಳು: "ಈ ದೋಷ ಸೇನಾ ಸೇವೆಯಿಂದ ಉಂಟಾದದ್ದೂ ಅಲ್ಲ, ಸೇನಾ ಸೇವೆಯಿಂದ ಹೆಚ್ಚಾದದ್ದೂ ಅಲ್ಲ."

ಹಾಗಂದರೇನು ಅಂತ ಕೇಳಿದರೆ, ಸೇವೆಯ ಪಿಂಚಣಿ ಬರುತ್ತದೆ, ಅಂಗವೈಕಲ್ಯದ ಭಾಗ ಬರುವುದಿಲ್ಲ. ಆ ಭಾಗ ಬರಬೇಕಾದರೆ ಎರಡು ಸಂಗತಿ ಕೂಡಿಬರಬೇಕು: ವೈಕಲ್ಯ ಶೇಕಡಾ 20ಕ್ಕೆ ಕಡಿಮೆ ಇರಬಾರದು, ಜೊತೆಗೆ ಅದು ಸೇವೆಯಿಂದ ಬಂದದ್ದು ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದು ಎಂದು ಒಪ್ಪಿಕೊಂಡಿರಬೇಕು. ನಮ್ಮದರಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

"ಹೋಗ್ಲಿ ಬಿಡು. ನಾ ಏನ್ ಬೇಡಾಕ ಹೋಗ್ಲೇನು? ನನ್ನ ಜೋಡಿದಾರರು ಅಲ್ಲೇ ಹಿಮದಾಗ ಉಳದಾರ. ನಾ ಕಿವಿ ಹೋತು ಅಂತ ಅಳ್ಲೇನು?" ಅಂದರು ಇವರು. ಅತ್ತೆಯೂ, "ಕಿವುಡ ಅಂತ ಬರಸ್ಕೊಂಡು ರೊಕ್ಕಾ ತಗೊಂಡ್ರ ಊರಾಗ ಏನಂದಾರು?" ಅಂದರು. ಪತ್ರ ಕಪಾಟು ಸೇರಿತು. ಮೊದಲನೆಯ ಮನವಿಗೆ ಆರು ತಿಂಗಳ ಅವಧಿ. ಅದರಲ್ಲಿ ನಾಲ್ಕು ತಿಂಗಳು ಹೀಗೇ ಹೋಯಿತು.

ನನಗೆ ಮಾತ್ರ ಆ ಸಾಲು ಮುಳ್ಳಿನಂತೆ ಚುಚ್ಚುತ್ತಿತ್ತು. ದುಡ್ಡು ಬೇಡವೆಂದಲ್ಲ. ಮಗಳ ಕಾಲೇಜು, ಅತ್ತೆಯ ಔಷಧಿ, ಯಾರ ಮನೆಯಲ್ಲಿ ಖರ್ಚಿಲ್ಲ? ಆದರೆ ಭರ್ತಿಯ ದಿನ ಪಿಸುಮಾತು ಕೇಳಿದ ಕಿವಿ, ತೋಪಿನ ಪಕ್ಕದಲ್ಲಿ ಇಪ್ಪತ್ತು ವರ್ಷ ಇದ್ದ ಕಿವಿ, ಆ ಕಿವಿಗೂ ತೋಪಿಗೂ ಸಂಬಂಧವೇ ಇಲ್ಲ ಅಂದರೆ ಏನರ್ಥ?

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಸುಭೇದಾರ ಕಾಕಾ ಇದ್ದಾರೆ. ಕ್ಲರ್ಕ್ ಆಗಿ ಸೇವೆ ಮಾಡಿ ನಿವೃತ್ತರಾದವರು. ಒಂದು ಮಧ್ಯಾಹ್ನ ಕರಚೀಕಾಯಿ ಕೊಡುವ ನೆಪ ಮಾಡಿಕೊಂಡು ಪತ್ರ ಹಿಡಿದು ಅವರ ಮನೆಗೆ ಹೋದೆ. ಕಾಕಾ ಕನ್ನಡಕ ಏರಿಸಿ ಮಂಡಳಿಯ ಕಾಗದ ಓದಿದರು. "ನೋಡವ್ವಾ, ಇಲ್ಲೇ ಐತಿ ಗಂಟು. ದೋಷ 2015ರಾಗ, ಶಾಂತಿ ಪ್ರದೇಶದಾಗ ಚಾಲೂ ಆತು ಅಂತ ಬರದಾರ. ಕಿವಿ ಕೆಟ್ಟಿದ್ದ ಯಾವಾಗ, ಡಾಕ್ಟರ್ ಬರದದ್ದ ಯಾವಾಗ, ಎರಡೂ ಬ್ಯಾರೆ ಬ್ಯಾರೆ. ಮೊದಲ ಎಂದಾದ್ರೂ ತೋರಿಸಿದ್ನೇನು ನಿನ್ನ ಗಂಡ?"

ಮನೆಗೆ ಬಂದು ಇವರನ್ನು ಕೇಳಿದರೆ, "ಇಲ್ಲ" ಅಂದರು. ಯಾಕೆ ತೋರಿಸಲಿಲ್ಲ ಅಂದರೆ, ಮೆಡಿಕಲ್ ಕೆಟಗರಿ ಇಳಿದರೆ ಪ್ರಮೋಷನ್ನಿಗೆ ಅಡ್ಡಿಯಾಗುತ್ತದಂತೆ. ಎಲ್ಲ ಸೈನಿಕರೂ ಮಾಡುವುದು ಇದನ್ನೇ. ನೋವು ನುಂಗಿಕೊಂಡು "ಸಬ್ ಠೀಕ್" ಅನ್ನುವುದು. ಕೊನೆಗೆ ಅದೇ ಮೌನ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ!

ಕಾಕಾ ಬರೆದುಕೊಟ್ಟ ಮೊದಲನೆಯ ಮನವಿಯನ್ನು 2018ರಲ್ಲಿ ಕಳಿಸಿದೆವು. ವರ್ಷದ ಕೊನೆಗೆ ಉತ್ತರ ಬಂತು. ಅದೇ ಸಾಲು, ಅದೇ ಇಂಗ್ಲಿಷು. ಹೊಸ ಆಧಾರವಿಲ್ಲವಂತೆ.

ಆಮೇಲೆ ಬಂತು ನೋಡಿ ಆ ದಿನ. ಶ್ರಾವಣಕ್ಕೆ ಮನೆ ಸುಣ್ಣ ಬಳಿಯುವುದಿತ್ತು. ಅಟ್ಟದ ಮೇಲಿದ್ದ ಇವರ ಕರಿ ಟ್ರಂಕು ಇಳಿಸಿದೆ. ಅದರ ತಳದಲ್ಲಿ ನನ್ನ ಹಳೆಯ ರವಿಕೆಯ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದಗಳು. ಮದುವೆಯಾದ ಮೇಲೆ ಇವರು ಬರೆದ ಇನ್‌ಲ್ಯಾಂಡ್ ಪತ್ರಗಳು. ಎಲ್ಲದರ ಮೇಲೂ ವಿಳಾಸ "56 ಎ.ಪಿ.ಒ." ಸುಣ್ಣ ಬಳಿಯುವವರು ಕಾಯುತ್ತಿದ್ದರೂ ನಾನು ಅಲ್ಲೇ ನೆಲಕ್ಕೆ ಕುಳಿತು ಓದತೊಡಗಿದೆ.

2001ರ ಒಂದು ಕಾಗದ. ಇವರು ತಮಾಷೆಯಾಗಿ ಬರೆದಿದ್ದರು: ಎಂಟು ದಿನ ಮಿಲಿಟರಿ ಆಸ್ಪತ್ರೆಯಲ್ಲಿ ಆರಾಮಾಗಿ ಮಲಗಿದ್ದೆ, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ ಕಿವಿಗೆ ಡಬ್ಬಿ ಹಾಕಿದರು, ಪೀಂ ಅಂದಾಗ ಗುಂಡಿ ಒತ್ತು ಅಂದರು, ನನಗೆ ನಿನ್ನ ಬಳೆಯ ಸದ್ದು ನೆನಪಾಗಿ ಸುಮ್ಮಸುಮ್ಮನೆ ಒತ್ತಿಬಿಟ್ಟೆ... ಆಸ್ಪತ್ರೆ ಇದ್ದ ಊರಿನ ಹೆಸರೂ ಇತ್ತು, ತಾರೀಖೂ ಇತ್ತು. ಇವರು ಮರೆತೇಬಿಟ್ಟಿದ್ದರು. ನಾನೂ ಅಂದು ಬಳೆಯ ಮಾತು ಓದಿ ನಾಚಿದ್ದೆನೇ ಹೊರತು ಕಿವಿಯ ಮಾತು ನನ್ನ ಗಮನಕ್ಕೇ ಬಂದಿರಲಿಲ್ಲ.

ಸುಣ್ಣದ ಕೈಯಲ್ಲೇ ಕಾಕಾನ ಮನೆಗೆ ಓಡಿದೆ. ಕಾಕಾ ಅಂದರು, "ಹೆಂಡ್ತಿಗೆ ಬರದ ಕಾಗದ ದೊಡ್ಡ ಪುರಾವೆ ಆಗೂದಿಲ್ಲ. ಆದ್ರ ಪುರಾವೆ ಎಲ್ಲಿ ಐತಿ ಅಂತ ಇದು ತೋರಿಸ್ತೈತಿ." ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ ದಾಖಲೆ ಇರಲೇಬೇಕೆಂದರು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿದೆವು. ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಕೊಟ್ಟ ರಸೀದಿಯನ್ನು ನಾನು ಬಂಗಾರದಂತೆ ಎತ್ತಿಟ್ಟೆ. ಮೂವತ್ತು ದಿನಕ್ಕೆ ಬಂದ ಉತ್ತರದಲ್ಲಿ ಬಿಡುಗಡೆ ಸಮಯದ ಹಾಳೆಗಳು ಮಾತ್ರ ಇದ್ದವು. ಬಿಡಲಿಲ್ಲ. ಇಂಥ ವರ್ಷ, ಇಂಥ ತಿಂಗಳು, ಇಂಥ ಊರಿನ ಆಸ್ಪತ್ರೆ ಎಂದು ಬರೆದು ಅದೇ ಕಾಯಿದೆಯಡಿ ಮೇಲ್ಮನವಿ ಹಾಕಿದೆವು. ಎರಡು ತಿಂಗಳ ಮೇಲೆ ದಪ್ಪ ಲಕೋಟೆ ಬಂತು. ಒಳಗೆ ಹನ್ನೊಂದು ಹಾಳೆ. ಅದರಲ್ಲೊಂದು ಮಾಸಿದ ಗ್ರಾಫು.

ಆ ಗ್ರಾಫಿನ ಅರ್ಥ ತಿಳಿಯಲೆಂದು 2019ರಲ್ಲಿ ಇಬ್ಬರೂ ರೈಲು ಹತ್ತಿ ಮೈಸೂರಿಗೆ ಹೋದೆವು. ಅಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪುನಃ ಸಣ್ಣ ಕೋಣೆ, ಪುನಃ ಪೀಂ ಪೀಂ. ಪರೀಕ್ಷೆ ಮಾಡಿದ ಹೆಣ್ಣುಮಗಳು ಬಹಳ ತಾಳ್ಮೆಯವಳು. ನನ್ನನ್ನೂ ಕೂಡಿಸಿಕೊಂಡು ವಿವರಿಸಿದಳು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಭಾಗವಿದೆ. ಅದರಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಕೋಶಗಳು. ಸದ್ದು ಬಂದಾಗ ಅವು ಬಾಗುತ್ತವೆ, ಮತ್ತೆ ಏಳುತ್ತವೆ. ನನಗೆ ನಮ್ಮ ಹೊಲದ ಜೋಳ ನೆನಪಾಯಿತು. ಗಾಳಿಗೆ ಬಾಗಿದ ಜೋಳ ಎದ್ದು ನಿಲ್ಲುತ್ತದೆ, ಆಲಿಕಲ್ಲು ಬಿದ್ದ ಜೋಳ ಏಳುತ್ತದೆಯೇ? ತೋಪಿನ ಸಿಡಿತ ಆಲಿಕಲ್ಲಿನ ಹಾಗೆ. 140 ಡೆಸಿಬೆಲ್ ದಾಟಿದ ಸಿಡಿತ ಒಂದೇ ಏಟಿಗೆ ಕಿವಿ ಕೆಡಿಸಬಲ್ಲದು. ದೊಡ್ಡ ತೋಪಿನ ಹತ್ತಿರ ಅದಕ್ಕಿಂತ ಎಷ್ಟೋ ಹೆಚ್ಚು. ಸತ್ತ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಹಳೆಯ ಗ್ರಾಫು ತೋರಿಸಿದೆ. ಅವಳು ಬೆರಳಿಟ್ಟು ಹೇಳಿದಳು: "ನೋಡಿ ಅಮ್ಮಾ, ಗೆರೆ 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದು, 8000ಕ್ಕೆ ಮತ್ತೆ ಮೇಲೆ ಬಂದಿದೆ. ದೊಡ್ಡ ಸದ್ದಿನಿಂದ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಇದು. ವಯಸ್ಸಿನ ಕಿವುಡಾದರೆ ಗೆರೆ ಕೊನೆಯವರೆಗೆ ಇಳಿಯುತ್ತಲೇ ಹೋಗುತ್ತದೆ. ಆಗ ಇವರ ವಯಸ್ಸೆಷ್ಟು?" 27 ಅಂದೆ. ಇಪ್ಪತ್ತೇಳರ ಗಂಡಾಳಿಗೆ ಮುಪ್ಪಿನ ಕಿವುಡೇ?

ಆಮೇಲೆ ಅವಳು ಸಹಜವಾಗಿ ಇನ್ನೊಂದು ಮಾತು ಹೇಳಿದಳು. ಇಂಥವರಿಗೆ ಮೊದಲು ಕೇಳದಾಗುವುದು ತೀಕ್ಷ್ಣ ಸ್ವರಗಳು. ಗಂಡಸರ ದಪ್ಪ ದನಿ ಕೇಳುತ್ತದೆ; ಹೆಂಗಸರ, ಮಕ್ಕಳ ದನಿ, ಸೀಟಿ, ಬಳೆಯ ಸದ್ದು ಕೇಳುವುದಿಲ್ಲ.

ಸೋದರಿಯರೇ, ಆ ಕುರ್ಚಿಯಲ್ಲಿ ನಾನು ತಲೆ ತಗ್ಗಿಸಿ ಕುಳಿತುಬಿಟ್ಟೆ. ಗಂಡಸರ ಮಾತು ಕೇಳುತ್ತದೆ, ಹೆಂಡತಿಯ ಮಾತು ಕೇಳುವುದಿಲ್ಲ ಎಂದು ನಾನು ಆಡಿದ ಕೊಂಕು ಅಕ್ಷರಶಃ ನಿಜವಾಗಿತ್ತು. ಅದೇ ರೋಗದ ಲಕ್ಷಣವಾಗಿತ್ತು. ಮಂಡಳಿಯವರು ಒಂದು ಸಾಲಿನಲ್ಲಿ ಬರೆದದ್ದನ್ನು ನಾನು ಹದಿನೈದು ವರ್ಷ ಅಡುಗೆಮನೆಯಲ್ಲಿ ನಿಂತು ಹೇಳಿದ್ದೆ. ಅವರ ಕಿವಿಗೂ ತೋಪಿಗೂ ಇದ್ದ ಸಂಬಂಧ ನನಗೂ ಕಂಡಿರಲಿಲ್ಲ. ರೈಲಿನಲ್ಲಿ ಇವರಿಗೆ ಹೇಳಿ ಅತ್ತೆ. "ಏ, ಅದಕ್ಯಾಕ ಅಳ್ತಿ? ನೀ ಬೈದದ್ದರಾಗ ಅರ್ಧ ನನಗ ಕೇಳೇ ಇಲ್ಲಲ್ಲ!" ಅಂದರು.

ಎರಡನೆಯ ಮನವಿ ಬರೆಯುವಾಗ ಕಾಕಾನ ಪಕ್ಕದಲ್ಲಿ ನಾನೂ ಕುಳಿತೆ. ಮೂರು ಸಂಗತಿಗಳನ್ನು ಒಂದರ ಕೆಳಗೊಂದು ಇಟ್ಟೆವು. ಒಂದು, ಸೇರುವಾಗ ಕಿವಿ ಸರಿಯಿತ್ತು. ಭರ್ತಿಯ ವೈದ್ಯಕೀಯ ಹಾಳೆಯಲ್ಲಿ ಯಾವ ದೋಷವನ್ನೂ ಬರೆದಿಲ್ಲ. ಎರಡು, ಇಂಥಿಂಥ ವರ್ಷ ಇಂಥಲ್ಲಿ ತೋಪಿನ ಮೇಲೆ ಕೆಲಸ. ಕಾರ್ಗಿಲ್ ಕ್ಷೇತ್ರ ಸೇವೆಯೂ ಸೇರಿ. ಮೂರು, 2015ಕ್ಕಿಂತ ಹದಿನಾಲ್ಕು ವರ್ಷ ಮೊದಲೇ ಸೇವೆಯಲ್ಲಿದ್ದಾಗ ದೋಷ ಕಂಡಿದೆ, ಅದರ ಸ್ವರೂಪ ಕೆಲಸದ ಸ್ವರೂಪಕ್ಕೆ ಹೊಂದುತ್ತದೆ; ಹಳೆಯ ಗ್ರಾಫು, ಹೊಸ ಗ್ರಾಫು ಲಗತ್ತಿಸಿದೆ.

ಕೊನೆಗೆ ಕಾಕಾ ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪನ್ನು ಉಲ್ಲೇಖಿಸಿದರು. ಸೇರುವಾಗ ರೋಗ ಬರೆದಿಡದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಆಮೇಲೆ ಬಂದದ್ದಕ್ಕೆ ಸೇವೆ ಕಾರಣವಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ಮಂಡಳಿ ಕಾರಣ ಕೊಡದೆ ಬರೀ ಅಭಿಪ್ರಾಯ ಬರೆದರೆ ಸಾಲದು ಎಂಬುದು ಅದರ ಸಾರ. "ಅಂದಮ್ಯಾಲ ನಾವ್ಯಾಕ ಇಷ್ಟ ಒದ್ದಾಡಬೇಕಾತು ಕಾಕಾ?" ಅಂದೆ. "ಕಾನೂನು ಕೋರ್ಟಿನಾಗ ಇರ್ತೈತವ್ವಾ. ಮನಿತನಕ ಬರಾಕ ಅದಕ್ಕ ಕಾಗದದ ಕಾಲ ಬೇಕು" ಅಂದರು.

ಎರಡನೆಯದೂ ಬಿದ್ದಿದ್ದರೆ, 2007ರ ಕಾಯಿದೆಯಂತೆ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕಾಗುತ್ತಿತ್ತು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ನಡುವೆ ಕೊರೋನಾ ಬಂದು ಎಲ್ಲವೂ ನಿಂತುಹೋಯಿತು. 2021ರ ದೀಪಾವಳಿಗೆ ಎರಡು ವಾರ ಮುಂಚೆ ರಿಜಿಸ್ಟರ್ಡ್ ಟಪಾಲು ಬಂತು. ಮಗಳು ಕಾಲೇಜಿಗೆ ಹೋಗಿದ್ದಳು. ಈ ಸಲ ಡಿಕ್ಷನರಿ ಬೇಕಾಗಲಿಲ್ಲ; ಆ ಇಂಗ್ಲಿಷ್ ಶಬ್ದಗಳು ನನಗೆ ಬಾಯಿಪಾಠವಾಗಿದ್ದವು. "ಅಲ್ಲ" ಎಂಬ ಶಬ್ದ ಇರಲಿಲ್ಲ. ಸೇನಾ ಸೇವೆಯಿಂದ ಉಂಟಾದದ್ದು ಎಂದಿತ್ತು. ಇವರ ಬಲಗಿವಿಯ ಹತ್ತಿರ ಹೋಗಿ ದೊಡ್ಡ ದನಿಯಲ್ಲಿ ಓದಿದೆ. "ಇನ್ನೊಮ್ಮೆ ಓದು" ಅಂದರು. ಓದಿದೆ. "ಇನ್ನೊಮ್ಮೆ" ಅಂದರು. ಬೇಡಲು ಹೋಗುವುದಿಲ್ಲ ಎಂದಿದ್ದ ಮನುಷ್ಯ ಎದ್ದು ಹೋಗಿ ಆ ಕಾಗದವನ್ನು ತಮ್ಮ ಪದಕಗಳ ಡಬ್ಬಿಯಲ್ಲಿ ಇಟ್ಟರು.

ಆಮೇಲಿನದು ಚಿಕ್ಕ ಕಥೆ. ಶೇಕಡಾ 20 ಇದ್ದದ್ದನ್ನು ಶೇಕಡಾ 50 ಎಂದು ಎಣಿಸುವ ನಿಯಮವಿದೆ. ಸೇವಾವಧಿ ಪೂರ್ತಿ ಮುಗಿಸಿ ಬಂದವರಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ಹೇಳಿದೆ. ಅದಕ್ಕೆ ಮತ್ತೊಂದು ಅರ್ಜಿ ಹಾಕಿದೆವು. ಒಂದು ವರ್ಷದಲ್ಲಿ ಅದೂ ಆಯಿತು. ಮಾಜಿ ಸೈನಿಕರ ಆರೋಗ್ಯ ಯೋಜನೆಯಿಂದ ಎರಡೂ ಕಿವಿಗೆ ಯಂತ್ರ ಸಿಕ್ಕಿದೆ. ಹಬ್ಬಕ್ಕೆ, ಮದುವೆಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಹಾಕಿದರೆ ಪಾತ್ರೆಯ ಸದ್ದೇ ಜಾಸ್ತಿ ಕೇಳುತ್ತದೆಂದು ತೆಗೆದಿಡುತ್ತಾರೆ!

ಗಂಡ, ಮಗ, ಅಣ್ಣ, ತಮ್ಮ ಸೈನ್ಯದಲ್ಲಿರುವ ಅಕ್ಕತಂಗಿಯರಿಗೆ ನನ್ನ ನಾಲ್ಕು ಮಾತು. ಅವರು "ಸಬ್ ಠೀಕ್" ಅಂದರೂ ನೀವು ಪೂರ್ತಿ ನಂಬಬೇಡಿ. ಬಿದ್ದರೆ, ಪೆಟ್ಟಾದರೆ, ಕಿವಿ ಕಣ್ಣು ಬೆನ್ನಿಗೆ ತೊಂದರೆಯಾದರೆ ಅಲ್ಲೇ ತೋರಿಸಿ ಬರೆಸಲು ಹೇಳಿ. ಪೆಟ್ಟಿಗೆ ಗಾಯದ ವರದಿ ಮಾಡಿಸಲಿ, ಅದರ ನಕಲು ಮನೆಗೆ ಬರಲಿ. ಬಿಡುಗಡೆಯ ಮಂಡಳಿಯ ಕಾಗದಕ್ಕೆ ಓದದೆ ಸಹಿ ಹಾಕಬಾರದು. ದೋಷ ಎಂದು, ಎಲ್ಲಿ ಶುರುವಾಯಿತೆಂದು ಬರೆದಿದ್ದಾರೆ ನೋಡಬೇಕು. ತಿರಸ್ಕಾರದ ಪತ್ರ ಬಂದರೆ ಆರು ತಿಂಗಳನ್ನು ಕೈಬಿಡಬಾರದು. ನಮ್ಮವರು ನಿವೃತ್ತರಾದಾಗ ಇದ್ದದ್ದು 2008ರ ನಿಯಮಗಳು. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ. ಆದ್ದರಿಂದ ನಿಮಗೆ ಯಾವುದು ಅನ್ವಯಿಸುತ್ತದೆಂದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಳ್ಳಿ. ಮತ್ತೆ, ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಈಗ ಕಾಗದ ಬರೆಯುವವರು ಯಾರಿದ್ದಾರೆ ಅಂತೀರಾ? ಫೋನಿನಲ್ಲಿ ಹೇಳಿದ್ದನ್ನಾದರೂ ತಾರೀಖು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವುದಿಲ್ಲವೇ, ಅದರ ಪಕ್ಕದಲ್ಲೇ ಬರೆಯಿರಿ.

ಇಷ್ಟು ಬರೆಯುವ ಹೊತ್ತಿಗೆ ಒಳಗಿನಿಂದ ಸೀದ ವಾಸನೆ ಬರುತ್ತಿದೆ. ಇವತ್ತು ಸೀಟಿ ಕೇಳದಿದ್ದವಳು ನಾನೇ! ಹೋಗಿ ನೋಡುತ್ತೇನೆ.